ಮೌನ ಯಾವಾಗ ಸಾಕ್ಷಿಯಾಗುತ್ತದೆ?

ಓಡುತ್ತಿರುವ ಕಾರಿನಲ್ಲಿ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಸ್ಟೀರಿಂಗಿನ ದೀಪವೂ ಜೊತೆಗೂಡುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಯು0121 ಎಂಬ ಎರರ್ ಕೋಡ್ ಬರುತ್ತದೆ. ಎಬಿಎಸ್ ಮಾಡ್ಯೂಲಿನ ಸಂಪರ್ಕ ತಪ್ಪಿದೆ ಎಂದು ಅದರ ಅರ್ಥ. ಅಲ್ಲಿಂದ ‘ಮಾಡ್ಯೂಲ್ ಹೋಗಿದೆ, ಹೊಸದು ಹಾಕಬೇಕು’ ಎಂಬ ತೀರ್ಪಿಗೆ ಒಂದೇ ಹೆಜ್ಜೆ ಎಂದು ತೋರುತ್ತದೆ. ಆದರೆ ಆ ಕೋಡನ್ನು ಬರೆದಿಟ್ಟದ್ದು ಎಬಿಎಸ್ ಮಾಡ್ಯೂಲ್ ಅಲ್ಲ, ಅದರ ಮಾತಿಗಾಗಿ ಕಾದಿದ್ದ ಇಂಜಿನ್ ಮಾಡ್ಯೂಲೋ ಮೀಟರಿನ ಮಾಡ್ಯೂಲೋ. ಅದು ಹೇಳುತ್ತಿರುವುದು ‘ನನಗೆ ಕೇಳಿಸಲಿಲ್ಲ’ ಎಂದಷ್ಟೆ. ಕೇಳಿಸಲಿಲ್ಲ ಎಂಬುದರಿಂದ ಅದು ಮಾತಾಡಲಿಲ್ಲ ಎಂಬುದಕ್ಕೆ ಒಂದು ಜಿಗಿತ, ಮಾತಾಡಲಿಲ್ಲ ಎಂಬುದರಿಂದ ಅದು ಸತ್ತಿದೆ ಎಂಬುದಕ್ಕೆ ಇನ್ನೊಂದು. ಇವೆರಡರ ನಡುವೆ ಇರುವುದು ಬರಿಯ ಮೆಕ್ಯಾನಿಕ್ ಕೆಲಸದ ಪ್ರಶ್ನೆಯಲ್ಲ. ‘ಇಲ್ಲ’ ಎಂಬುದನ್ನು ನಾವು ತಿಳಿಯುವುದು ಹೇಗೆ ಎಂಬ ಪ್ರಶ್ನೆ. ಮೌನ ಸಾಕ್ಷಿಯಾಗಬಲ್ಲದು, ಆದರೆ ಮಾತು ಹುಟ್ಟಿದ್ದರೆ ನಮ್ಮನ್ನು ತಲುಪುತ್ತಿತ್ತು ಎಂಬುದನ್ನು ಬೇರೆಯಾಗಿ ಪರೀಕ್ಷಿಸಿದ ಮೇಲೆ ಮಾತ್ರ ಎಂಬುದು ಈ ಬರಹದ ವಾದ. ಕಾರಿನ ತಂತಿಗೆ ಸಲ್ಲುವ ಈ ನಿಯಮ ದೇವರ ಮೌನದ ಬಗೆಗಿನ ವಾದಕ್ಕೂ ಸಲ್ಲುತ್ತದೆ, ಆಸ್ತಿಕ ನಾಸ್ತಿಕ ಇಬ್ಬರನ್ನೂ ಕಟ್ಟಿಹಾಕುತ್ತದೆ.

ನೆಲದ ಮೇಲೆ ಗಡಿಗೆ ಇಲ್ಲ ಎಂಬ ತಿಳಿವು ಎಲ್ಲಿಂದ ಬಂತು ಎಂಬುದು ನಮ್ಮ ದರ್ಶನಗಳು ಶತಮಾನಗಳ ಕಾಲ ಹಿಡಿದು ಜಗ್ಗಾಡಿದ ವಿಷಯ. ಇರುವ ಗಡಿಗೆ ಕಣ್ಣಿಗೆ ಬೀಳುತ್ತದೆ, ಸರಿ; ಇಲ್ಲದ ಗಡಿಗೆ ಯಾವ ಇಂದ್ರಿಯಕ್ಕೆ ತಾಗೀತು? 7ನೇ ಶತಮಾನದ ಕುಮಾರಿಲಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ಅಭಾವಕ್ಕೆಂದೇ ಒಂದು ಪ್ರಕರಣವನ್ನು ಬರೆದು, ಅದನ್ನು ತಿಳಿಸುವುದು ಬೇರೆಯದೇ ಆದ ಪ್ರಮಾಣ, ಅಂದರೆ ತಿಳಿವಿನ ಸಾಧನ, ಎಂದು ವಾದಿಸಿದ. ಅನುಪಲಬ್ಧಿ ಎಂದು ಹೆಸರಾದ ಅದನ್ನು ಅದ್ವೈತಿಗಳೂ ಆರನೆಯ ಪ್ರಮಾಣವಾಗಿ ಒಪ್ಪಿಕೊಂಡರು. ಅದೇ ಮೀಮಾಂಸೆಯ ಪ್ರಭಾಕರ ಮಾತ್ರ ಬರಿನೆಲವೇ ಗಡಿಗೆಯ ಅಭಾವ, ಅದಕ್ಕೆ ಬೇರೆ ಪ್ರಮಾಣ ಏಕೆ ಎಂದ. ನ್ಯಾಯದರ್ಶನದ ನೈಯಾಯಿಕರು ಅಭಾವವನ್ನು ಬೇರೆಯೇ ಪದಾರ್ಥವೆಂದು ಒಪ್ಪಿದರೂ ಅದು ಪ್ರತ್ಯಕ್ಷಕ್ಕೇ ದಕ್ಕುತ್ತದೆ ಎಂದರು. ಬೌದ್ಧನಾದ ಧರ್ಮಕೀರ್ತಿ ಕಾಣದಿರುವಿಕೆಯನ್ನು ಅನುಮಾನದ ಹೇತುಗಳಲ್ಲಿ ಸೇರಿಸಿದ. ಪ್ರತ್ಯಕ್ಷ, ಅನುಮಾನ, ಆಗಮ ಮೂರೇ ಪ್ರಮಾಣವೆಂದ ಉಡುಪಿಯ ಮಧ್ವಾಚಾರ್ಯರ ಪರಂಪರೆಗೆ ಅನುಪಲಬ್ಧಿ ಪ್ರತ್ಯೇಕವಾಗಿ ಬೇಕಾಗಲೇ ಇಲ್ಲ. ಇಷ್ಟೆಲ್ಲ ಜಗಳದ ನಡುವೆಯೂ ಒಂದು ಷರತ್ತು ಉಳಿದುಕೊಂಡಿತು: ಕಾಣಲಿಲ್ಲ ಎಂದು ಇಲ್ಲವೆನ್ನಬೇಕಾದರೆ ಆ ವಸ್ತು ಅಲ್ಲಿ ಕಾಣಲು ಯೋಗ್ಯವಾಗಿರಬೇಕು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂದು ಹೇಳಲು ಸಾಧ್ಯವಾದರೆ ಮಾತ್ರ ಕಾಣದಿರುವಿಕೆಗೆ ಬೆಲೆ. ಕತ್ತಲ ಕೋಣೆಯಲ್ಲಿ ಗಡಿಗೆ ಇದ್ದರೂ ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಕಾಣದಿರುವಿಕೆ ಏನನ್ನೂ ಹೇಳುವುದಿಲ್ಲ ಎಂದು ‘ವೇದಾಂತ ಪರಿಭಾಷೆ’ ಈ ಯೋಗ್ಯತೆಯನ್ನು ಬಿಡಿಸಿ ಹೇಳುತ್ತದೆ. ದೇಶದಿಂದಲೋ ಕಾಲದಿಂದಲೋ ಸ್ವಭಾವದಿಂದಲೋ ದೂರವಾದುದು ಕಾಣಲಿಲ್ಲವೆಂದರೆ ಹುಟ್ಟುವುದು ಸಂಶಯ ಮಾತ್ರ ಎಂಬುದು ಧರ್ಮಕೀರ್ತಿಯ ನಿಲುವು; ಎದುರಿಗೆ ಪಿಶಾಚ ಕಾಣದಿದ್ದ ಮಾತ್ರಕ್ಕೆ ಅದು ಇಲ್ಲವೆಂದು ಸಿದ್ಧವಾಗದು ಎನ್ನುವಷ್ಟು ದೂರ ಅವನ ತರ್ಕ ಹೋಗುತ್ತದೆ.

ಕಾರಿನ ಮಾಡ್ಯೂಲುಗಳ ಸಂಭಾಷಣೆಯಲ್ಲಿ ಈ ಷರತ್ತಿಗೆ ಎಷ್ಟು ತೂಕವಿದೆ ಎಂದು ತಿಳಿಯಲು ಆ ಸಂಭಾಷಣೆಯ ರೀತಿಯನ್ನು ನೋಡಬೇಕು. ಬೆಂಗಳೂರಿನವರು ಮೈಕೋ ಎಂಬ ಹಳೆಯ ಹೆಸರಿನಿಂದ ಬಲ್ಲ ಬಾಷ್ ಸಂಸ್ಥೆ ಜರ್ಮನಿಯಲ್ಲಿ 1983ರಲ್ಲಿ ಕೈಹಚ್ಚಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಹೊರಗೆಡಹಿದ ‘ಕ್ಯಾನ್’ ಪದ್ಧತಿ ಇಂದಿಗೂ ಕಾರುಗಳ ಒಳಗಿನ ಮುಖ್ಯ ಭಾಷೆ. ಒಂದಕ್ಕೊಂದು ಹೆಣೆದ ಎರಡು ತಂತಿಗಳು, ಹೈ ಮತ್ತು ಲೋ. ಮಾತಿಲ್ಲದಾಗ ಎರಡರಲ್ಲೂ ಸುಮಾರು 2.5 ವೋಲ್ಟ್, ಮಾತು ಹೊರಟಾಗ ಹೈ ತಂತಿ 3.5ರ ಆಸುಪಾಸಿಗೆ ಏರುತ್ತದೆ, ಲೋ 1.5ರ ಆಸುಪಾಸಿಗೆ ಇಳಿಯುತ್ತದೆ. ಎಲ್ಲ ಮಾಡ್ಯೂಲುಗಳೂ ಇದೇ ಜೋಡಿಗೆ ಅಂಟಿಕೊಂಡಿರುತ್ತವೆ. ಸಂದೇಶಕ್ಕೆ ವಿಳಾಸವಿಲ್ಲ; ಚಕ್ರದ ವೇಗ, ಇಂಜಿನ್ನಿನ ಬಿಸಿ ಎಂದು ವಿಷಯವನ್ನು ಸೂಚಿಸುವ ಸಂಖ್ಯೆಯಷ್ಟೇ ಇರುತ್ತದೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ಸಂದೇಶ ಸರಿಯಾಗಿ ಮುಟ್ಟಿತು ಎಂದು ಕೇಳಿದವರು ಅದರ ಕೊನೆಯಲ್ಲೇ ಗುರುತು ಹಾಕುತ್ತಾರೆ. ಆದರೆ ಕಳಿಸಿದವನಿಗೆ ತಿಳಿಯುವುದು ಯಾರೋ ಒಬ್ಬರಾದರೂ ಕೇಳಿದರು ಎಂಬುದಷ್ಟೆ. ಯಾರು ಕೇಳಿದರು, ಯಾರಿಗೆ ತಪ್ಪಿತು ಎಂಬುದು ತಿಳಿಯದು. ಅಂದರೆ ಈ ಪದ್ಧತಿಯಲ್ಲಿ ಒಬ್ಬರಿಗೆ ಕೇಳಿಸದಿರುವುದು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಿಸಿರಬಹುದು, ಮಾತಾಡಿದವನಿಗೆ ಎರಡೂ ಗೊತ್ತಿಲ್ಲದಿರಬಹುದು. ಎಬಿಎಸ್ ಮಾಡ್ಯೂಲಿಗೆ ಕರೆಂಟು ಹೋಗದಿದ್ದರೂ, ಅದರ ಅರ್ತ್ ಸಡಿಲವಾಗಿದ್ದರೂ, ಕಪ್ಲರಿನಲ್ಲಿ ನೀರು ನಿಂತಿದ್ದರೂ, ತಂತಿಯ ಒಂದು ಎಳೆ ತುಂಡಾಗಿದ್ದರೂ, ನಡುವಿನ ಗೇಟ್‌ವೇ ಮಾಡ್ಯೂಲ್ ಸಂದೇಶವನ್ನು ದಾಟಿಸದಿದ್ದರೂ ಹುಟ್ಟುವ ಕೋಡ್ ಅದೇ ಯು0121. ಕಾರಣ ಹಲವು, ಮೌನ ಒಂದೇ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಹುಡುಕುವುದು ತಪ್ಪಿತಸ್ಥನನ್ನಲ್ಲ, ಕೇಳಿಸಿಕೊಳ್ಳುವ ದಾರಿಯನ್ನು. ಬ್ಯಾಟರಿ ಕಳಚಿ, ಸ್ಕ್ಯಾನರ್ ಚುಚ್ಚುವ 16 ಪಿನ್ನುಗಳ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿಯುತ್ತಾನೆ. ತಂತಿಜೋಡಿಯ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ ಸಾಮಾನ್ಯವಾಗಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಗುಲಿವೆ. 60 ಬಂತೆಂದು ಅವನು ನೆಮ್ಮದಿಯಾಗುವುದಿಲ್ಲ, ಏಕೆಂದರೆ ಅದು ಮುಖ್ಯ ದಾರಿ ಸರಿಯಿದೆ ಎಂದು ಹೇಳುತ್ತದೆಯೇ ಹೊರತು ಎಬಿಎಸ್ ಕಡೆಗೆ ಒಡೆದುಹೋದ ಕವಲಿನ ಬಗ್ಗೆ ಸುಮ್ಮನಿರಬಹುದು. ಎಬಿಎಸ್ ಕಪ್ಲರಿನಲ್ಲಿ 12 ವೋಲ್ಟ್ ಸಿಕ್ಕರೂ ಸಾಲದು. ತುಕ್ಕು ಹಿಡಿದು ಒಂದೆರಡು ಎಳೆಗಳಲ್ಲಿ ಉಳಿದ ತಂತಿ ಮಲ್ಟಿಮೀಟರಿಗೆ ಪೂರಾ ವೋಲ್ಟೇಜ್ ತೋರಿಸಿ, ಬಲ್ಬು ಹಚ್ಚಿ ಭಾರ ಹಾಕಿದೊಡನೆ ಕೈಕೊಡುತ್ತದೆ. ಜೊತೆಗೆ ಯಾರು ಯಾರನ್ನು ಕೇಳಿಸಿಕೊಂಡಿಲ್ಲ ಎಂಬ ಪಟ್ಟಿಯನ್ನೂ ನೋಡಬೇಕು. ಇಂಜಿನ್, ಗೇರ್‌ಬಾಕ್ಸ್, ಮೀಟರ್, ಸ್ಟೀರಿಂಗ್ ನಾಲ್ಕೂ ಎಬಿಎಸ್ ಕೇಳಿಸುತ್ತಿಲ್ಲ ಎಂದು, ಸ್ಕ್ಯಾನರಿಗೂ ಅದು ಸಿಗದಿದ್ದರೆ ಸಂಶಯ ಎಬಿಎಸ್‌ನತ್ತ ವಾಲುತ್ತದೆ. ಮೀಟರೊಂದೇ ದೂರುತ್ತಿದ್ದು ಉಳಿದವರೆಲ್ಲ ಚಕ್ರದ ವೇಗವನ್ನು ಪಡೆಯುತ್ತಿದ್ದರೆ ದೋಷ ದೂರುಗಾರನ ಕಿವಿಯಲ್ಲೋ ಅದಕ್ಕೆ ಹೋಗುವ ದಾರಿಯಲ್ಲೋ ಇದೆ. ಸ್ಕ್ಯಾನರಿಗೆ ಯಾರೂ ಸಿಗದಿದ್ದರೆ ಕಾರಿನ ಎಲ್ಲ ಮಾಡ್ಯೂಲುಗಳೂ ಒಟ್ಟಿಗೆ ಸತ್ತವು ಎಂದುಕೊಳ್ಳುವ ಮುನ್ನ ಓಬಿಡಿ ಸಾಕೆಟ್ಟಿನ ಫ್ಯೂಸನ್ನೂ ಸ್ಕ್ಯಾನರಿನ ಕೇಬಲನ್ನೂ ನೋಡುವುದು ಜಾಣತನ. ಹೀಗೆ ನೋಡುವ ಒಂದೊಂದು ಅಂಶವೂ ‘ಇದ್ದಿದ್ದರೆ ಕೇಳಿಸುತ್ತಿತ್ತು’ ಎಂಬ ವಾಕ್ಯವನ್ನು ಒಂದೊಂದು ತುಂಡಾಗಿ ಸಂಪಾದಿಸುವ ಕೆಲಸ. ಎಲ್ಲ ತುಂಡೂ ಕೈಗೆ ಬಂದಾಗ ಮೌನಕ್ಕೆ ನಾಲಿಗೆ ಬರುತ್ತದೆ. ಆಗ ಮಾಡ್ಯೂಲ್ ಬದಲಿಸುವುದು ಸಾಹಸವಲ್ಲ, ನ್ಯಾಯ.

ಈ ಯೋಗ್ಯತೆಯ ಪರೀಕ್ಷೆಯನ್ನು ಕಾರು ತಯಾರಿಸಿದವರೇ ಸಾಫ್ಟ್‌ವೇರಿನಲ್ಲಿ ಬರೆದಿಟ್ಟಿರುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ. ಇಗ್ನಿಷನ್ ಆನ್ ಆಗಿರಬೇಕು, ಬ್ಯಾಟರಿಯ ವೋಲ್ಟೇಜ್ ನಿಗದಿತ ಮಿತಿಯೊಳಗಿರಬೇಕು, ಎಲ್ಲರೂ ಎಚ್ಚರಗೊಳ್ಳಲು ಸಮಯ ಕೊಟ್ಟಿರಬೇಕು. ಅದಾದ ಮೇಲೂ ಕಾದ ಸಂದೇಶ ಗಡುವಿನೊಳಗೆ ಬರದಿದ್ದರೆ ಮಾತ್ರ ಸಂಪರ್ಕ ತಪ್ಪಿದ ಕೋಡನ್ನು ಬರೆಯಬೇಕು ಎಂದು ಮಾಡ್ಯೂಲಿಗೆ ಕಟ್ಟುಪಾಡು. ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲಿ ಬಹುತೇಕ ಮಾಡ್ಯೂಲುಗಳು ಮಲಗಿರುತ್ತವೆ, ಆ ನಿಶ್ಶಬ್ದವನ್ನು ಯಾರೂ ದೋಷವೆಂದು ಬರೆಯುವುದಿಲ್ಲ. ಕೇಳಿಸಲಿಲ್ಲ ಎಂಬುದಕ್ಕೂ ಕೇಳಿಸಿತು ಆದರೆ ನಂಬುವಂತಿಲ್ಲ ಎಂಬುದಕ್ಕೂ ಬೇರೆ ಬೇರೆ ಕೋಡುಗಳಿವೆ. ಇಂಜಿನ್ ಮಾಡ್ಯೂಲಿನಿಂದ ಸಂದೇಶವೇ ಬರದಿದ್ದರೆ ಯು0100, ಬಂದ ಸಂದೇಶದ ತಿರುಳು ಒಪ್ಪುವಂತಿಲ್ಲದಿದ್ದರೆ ಯು0401. ಇನ್ನೂ ದೊಡ್ಡ ಮಾತೆಂದರೆ ಕ್ಯಾನ್ ಪದ್ಧತಿಯಲ್ಲಿ ಪ್ರತಿ ಮಾಡ್ಯೂಲೂ ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳಿಸುವಾಗ ತಪ್ಪಾದರೆ ಸಾಮಾನ್ಯವಾಗಿ ಎಣಿಕೆಗೆ 8 ಸೇರುತ್ತದೆ, ಸರಿಯಾಗಿ ಕಳಿಸಿದರೆ 1 ಕಳೆಯುತ್ತದೆ. ಎಣಿಕೆ 127 ದಾಟಿದರೆ ಅದು ಇತರರ ಮಾತಿಗೆ ಅಡ್ಡ ಬರುವ ಹಕ್ಕನ್ನು ಬಿಟ್ಟುಕೊಡುತ್ತದೆ, 255 ದಾಟಿದರೆ ತಂತಿಯಿಂದಲೇ ಹಿಂದೆ ಸರಿಯುತ್ತದೆ. ಇಂಥ ಮಾಡ್ಯೂಲಿನ ಮಾತನ್ನು ಎಷ್ಟು ನಂಬಬಹುದು? ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಆಪ್ತನೆಂದರೆ, ಅಂದರೆ ನಂಬಬಹುದಾದ ಸಾಕ್ಷಿಯೆಂದರೆ, ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲಂತೆಯೇ ಹೇಳಬಯಸುವವನು ಎಂದು ವಿವರಿಸಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದ. ಹೇಳುವವನ ಕುಲವಲ್ಲ, ಅವನು ಬಲ್ಲುದೇನು ಎಂಬುದೇ ಮುಖ್ಯವೆಂಬ ಈ ಅಳತೆಯಲ್ಲಿ ನೋಡಿದರೆ, ಕೋಡ್ ಬರೆದ ಮಾಡ್ಯೂಲ್ ತನ್ನ ಅನುಭವದ ಮಟ್ಟಿಗೆ ಒಳ್ಳೆಯ ಸಾಕ್ಷಿಯೇ. ಅದು ‘ನನಗೆ ಕೇಳಿಸಲಿಲ್ಲ’ ಎಂದು ನಿಜವನ್ನೇ ಹೇಳುತ್ತದೆ. ಅದನ್ನು ‘ಅವನು ಸತ್ತ’ ಎಂದು ಓದಿಕೊಳ್ಳುವವರು ನಾವು.

ಮೌನಕ್ಕೆ ಬಗೆಗಳಿವೆ ಎಂಬುದನ್ನೂ ನೈಯಾಯಿಕರಿಂದ ಕಲಿಯಬಹುದು. ಹುಟ್ಟುವ ಮುನ್ನಿನದು ಪ್ರಾಗಭಾವ, ನಾಶವಾದ ಮೇಲಿನದು ಧ್ವಂಸ, ಯಾವ ಕಾಲಕ್ಕೂ ಇಲ್ಲದಿರುವುದು ಅತ್ಯಂತಾಭಾವ, ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಕಾರು ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಇನ್ನೂ ಎಚ್ಚರವಾಗದ ಮಾಡ್ಯೂಲಿನ ಮೌನ ಮೊದಲ ಬಗೆಯದು. ಬೋರ್ಡು ಸುಟ್ಟುಹೋದ ಮಾಡ್ಯೂಲಿನದು ಎರಡನೆಯ ಬಗೆಯದು. ಮೇಲಿನ ವೇರಿಯಂಟಿನ ಹಳೆಯ ಮಾಡ್ಯೂಲೊಂದನ್ನು ತಂದು ಕೆಳಗಿನ ವೇರಿಯಂಟಿಗೆ ಹಾಕಿ ಕೋಡಿಂಗ್ ಸರಿಪಡಿಸದಿದ್ದರೆ, ಆ ಕಾರಿಗೆ ಕಂಪನಿಯೇ ಕೂರಿಸದ ಮಾಡ್ಯೂಲಿಗಾಗಿ ಅದು ಕಾಯುತ್ತದೆ, ಬಾರದವನ ಸಂಪರ್ಕ ತಪ್ಪಿದೆ ಎಂದು ದೂರುತ್ತದೆ. ಅದು ಮೂರನೆಯ ಬಗೆ. ದಿನಕ್ಕೊಮ್ಮೆ ಹಳ್ಳ ಹಾರಿದಾಗ ಮಾತ್ರ ಕಡಿದು ಮತ್ತೆ ಕೂಡುವ ಕಪ್ಲರಿನ ಮೌನ ಈ ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ಧ್ವಂಸವಾದದ್ದು ಮರಳಿ ಬರುವಂತಿಲ್ಲ. ಕೆಲವು ನೈಯಾಯಿಕರು ಇಂಥದಕ್ಕೆಂದೇ ಸಾಮಯಿಕಾಭಾವವನ್ನು ಒಪ್ಪಿದರು. ಬ್ಯಾಟರಿ ಇಳಿದಾಗ ಹುಟ್ಟಿ, ಬ್ಯಾಟರಿ ಬದಲಿಸಿದ ಮೇಲೂ ನೆನಪಿನಲ್ಲಿ ಉಳಿದ ಹಳೆಯ ಕೋಡನ್ನು ಇಂದಿನ ದೋಷವೆಂದು ಓದುವುದು ಈ ಬಗೆಗಳನ್ನು ಕಲಸಿಬಿಡುವ ತಪ್ಪು. ಎಲ್ಲ ‘ಇಲ್ಲ’ಗಳೂ ಒಂದೇ ‘ಇಲ್ಲ’ ಅಲ್ಲ.

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಒಳ್ಳೆಯ ಮೆಕ್ಯಾನಿಕ್ಕಿಗೆ ಕುಮಾರಿಲನ ಹೆಸರೇ ಗೊತ್ತಿಲ್ಲದಿದ್ದರೂ ಅವನು ಕಾರನ್ನು ಸರಿಪಡಿಸುತ್ತಾನೆ, ದರ್ಶನದಿಂದ ಅವನಿಗೇನು ಲಾಭ ಎಂಬುದು ಮೊದಲನೆಯದು. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂಬ ಹೆಮ್ಮೆಯ ಮಾತಿಗೆ ಇಲ್ಲಿ ಜಾಗವಿಲ್ಲ. ಕುಮಾರಿಲನಿಗೆ ವೋಲ್ಟೇಜ್ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಆದರೆ ಮಲ್ಟಿಮೀಟರ್ ಕೊಡುವುದು 60 ಎಂಬ ಅಂಕಿಯನ್ನು ಮಾತ್ರ; ಆ ಅಂಕಿಯಿಂದ ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದನ್ನು ಯಾವ ಮೀಟರೂ ತೋರಿಸುವುದಿಲ್ಲ. ಒಳ್ಳೆಯ ಮೆಕ್ಯಾನಿಕ್ ಹೆಸರು ತಿಳಿಯದೆ ಪಾಲಿಸುವ ನಿಯಮವನ್ನು ದರ್ಶನ ಹೆಸರಿಟ್ಟು ಪರೀಕ್ಷೆಗೆ ಒಡ್ಡುತ್ತದೆ. ಎರಡನೆಯ ಆಕ್ಷೇಪ ಸಂಭಾವ್ಯತೆಯದು: ಕೇಳಿಸದ ಮಾಡ್ಯೂಲ್ ಕೆಟ್ಟಿರುವ ಸಾಧ್ಯತೆ ಇದ್ದೇ ಇದೆ, ನಿಶ್ಚಯಕ್ಕಾಗಿ ಕಾಯುವುದೇಕೆ? ಸಾಧ್ಯತೆಗೆ ಬೆಲೆಯಿದೆ, ಆದರೆ ಅದು ಮೊದಲು ಎಲ್ಲಿ ನೋಡಬೇಕು ಎಂದು ಹೇಳುತ್ತದೆಯೇ ಹೊರತು ನೋಡುವುದನ್ನು ನಿಲ್ಲಿಸಲು ಅಪ್ಪಣೆ ಕೊಡುವುದಿಲ್ಲ. ಫ್ಯೂಸು, ಅರ್ತು, ಕಪ್ಲರ್ ನೋಡಲು ತಗಲುವುದು ಸ್ವಲ್ಪ ಹೊತ್ತು. ಎಬಿಎಸ್ ಘಟಕ ಬದಲಿಸಲು ತಗಲುವುದು ದೊಡ್ಡ ಮೊತ್ತ. ಅಗ್ಗದ ಪರೀಕ್ಷೆ ಕೈಯಳತೆಯಲ್ಲಿರುವಾಗ ದುಬಾರಿ ತೀರ್ಪಿಗೆ ಹಾರುವುದನ್ನು ಸಂಭಾವ್ಯತೆಯ ಹೆಸರಿನಲ್ಲಿ ಸಮರ್ಥಿಸಲಾಗದು.

ಮೂರನೆಯ ಆಕ್ಷೇಪವೇ ಗಟ್ಟಿ. ಮೌನವನ್ನು ನಂಬಲು ತಂತಿಯನ್ನು ಪರೀಕ್ಷಿಸಬೇಕು, ತಂತಿಯನ್ನು ನಂಬಲು ಮೀಟರನ್ನು, ಮೀಟರನ್ನು ನಂಬಲು ಇನ್ನೊಂದನ್ನು, ಇದು ಅನವಸ್ಥೆಯಲ್ಲವೇ? ಕೊನೆಯಿಲ್ಲದ ಪರೀಕ್ಷೆ ಎಂದರೆ ಯಾವ ಮೌನವೂ ಎಂದಿಗೂ ಸಾಕ್ಷಿಯಾಗದು. ಇದಕ್ಕೆ ಉತ್ತರವನ್ನು ನೈಯಾಯಿಕನಾದ ಉದಯನಾಚಾರ್ಯ ಬೇರೊಂದು ಸಂದರ್ಭದಲ್ಲಿ ಕೊಟ್ಟಿದ್ದಾನೆ: ಸಂಶಯಕ್ಕೆ ಎಲ್ಲೆಯುಂಟು, ಸಂಶಯಿಸುವವನ ಸ್ವಂತ ನಡತೆಗೇ ಅದು ವಿರೋಧವಾಗುವ ಜಾಗದಲ್ಲಿ ಅದು ನಿಲ್ಲಬೇಕು. ಹೊಗೆ ಬೇಕೆಂದಾಗ ಬೆಂಕಿ ಹಚ್ಚಲು ಹೊರಡುವವನು ಹೊಗೆಗೂ ಬೆಂಕಿಗೂ ಇರುವ ನಂಟನ್ನು ಬಾಯಲ್ಲಿ ಮಾತ್ರ ಸಂಶಯಿಸಬಲ್ಲ. ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿ ಸೊನ್ನೆ ಬಂದದ್ದನ್ನು ಕಂಡು, ಅದೇ ಮೀಟರಿನಿಂದ ದಿನವಿಡೀ ಬೇರೆ ಕಾರುಗಳನ್ನು ಸರಿಪಡಿಸಿದವನು, ಈ ಕಾರಿನಲ್ಲಿ ಮಾತ್ರ ಮೀಟರನ್ನು ನಂಬೆನೆಂದರೆ ಅದು ಸಂಶಯವಲ್ಲ, ಹಟ. ಪರೀಕ್ಷೆ ಮುಗಿಯಬೇಕಾದ್ದು ಸಂಶಯಕ್ಕೆ ನಿರ್ದಿಷ್ಟ ಕಾರಣ ಉಳಿಯದಾಗ. ಕಲ್ಪಿಸಬಹುದಾದ ಸಂಶಯವೆಲ್ಲ ಮುಗಿದಾಗ ಅಲ್ಲ.

ಅದೇ ಉದಯನನೇ ದೇವರ ಪ್ರಶ್ನೆಗೂ ನಮ್ಮನ್ನು ಕರೆದೊಯ್ಯುತ್ತಾನೆ. ಈಶ್ವರಸಿದ್ಧಿಗೆಂದು ಅವನು ಬರೆದ ‘ನ್ಯಾಯಕುಸುಮಾಂಜಲಿ’ಯ ಮೂರನೆಯ ಸ್ತಬಕ, ಈಶ್ವರ ಕಾಣುವುದಿಲ್ಲ, ಆದ್ದರಿಂದ ಇಲ್ಲ ಎಂಬ ವಾದವನ್ನು ಎದುರಿಸುತ್ತದೆ. ಅವನ ಉತ್ತರ ಯೋಗ್ಯತೆಯದೇ: ಕಣ್ಣಿಗೆ ಕಾಣಲು ಯೋಗ್ಯವಲ್ಲದ್ದು ಕಾಣಲಿಲ್ಲವೆಂದರೆ ಅದರ ಅಭಾವ ಸಿದ್ಧವಾಗದು. ಕಾಣದ್ದೆಲ್ಲ ಇಲ್ಲವೆನ್ನುವ ಚಾರ್ವಾಕ ಮನೆಯಿಂದ ಹೊರಗೆ ಹೋದಾಗ ಹೆಂಡತಿ ಮಕ್ಕಳು ಕಾಣುವುದಿಲ್ಲವಾದ್ದರಿಂದ ಅವರಿಲ್ಲವೆಂದು ಅಳಬೇಕಾದೀತು, ಮನೆಗೆ ಮರಳುವಂತೆಯೇ ಇಲ್ಲ ಎಂದು ಅವನು ಗೇಲಿ ಮಾಡುತ್ತಾನೆ. ಗೇಲಿ ತೀಕ್ಷ್ಣವಾಗಿದೆ, ವಾದವೂ ಸರಿಯಾಗಿದೆ. ಪ್ರಾರ್ಥನೆಗೆ ಉತ್ತರ ಕೇಳಿಸಲಿಲ್ಲ ಎಂಬುದೊಂದರಿಂದ ದೇವರಿಲ್ಲ ಎನ್ನುವವನು ಯು0121 ಕಂಡೊಡನೆ ಮಾಡ್ಯೂಲ್ ಬಿಚ್ಚುವವನ ತಪ್ಪನ್ನೇ ಮಾಡುತ್ತಾನೆ. ಆದರೆ ಈ ರಕ್ಷಣೆ ಬಿಟ್ಟಿಯಾಗಿ ಬರುವುದಿಲ್ಲ. ಕೆನಡಾದ ದಾರ್ಶನಿಕ ಜೆ. ಎಲ್. ಶೆಲೆನ್‌ಬರ್ಗ್ 1993ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಬೇರೆ ತುದಿಯಿಂದ ಹಿಡಿದ: ಪ್ರೇಮಮಯನಾದ ದೇವರಿದ್ದರೆ, ಹಟ ಹಿಡಿಯದೆ ಹುಡುಕುವವರಿಗೆ ತನ್ನ ಇರುವಿಕೆಯನ್ನಾದರೂ ತಿಳಿಸುತ್ತಿದ್ದ, ಹಾಗೆ ತಿಳಿಯದವರು ಇದ್ದಾರೆ, ಆದ್ದರಿಂದ ಅಂಥ ದೇವರಿಲ್ಲ. ಇದು ಇದ್ದಿದ್ದರೆ ಕಾಣುತ್ತಿತ್ತು ಎಂಬ ನಮ್ಮ ಹಳೆಯ ವಾಕ್ಯವೇ. ಯೋಗ್ಯತೆಯನ್ನು ಇಲ್ಲಿ ನಾಸ್ತಿಕ ಹೊರಗಿನಿಂದ ತಂದಿಲ್ಲ, ದೇವರು ಕರೆದರೆ ಓಗೊಡುತ್ತಾನೆ ಎಂಬ ಭಕ್ತನ ಮಾತಿನಿಂದಲೇ ಎತ್ತಿಕೊಂಡಿದ್ದಾನೆ. ಮಾತಾಡದ, ಮಾತಾಡಬೇಕಾಗಿಯೂ ಇಲ್ಲದ ನಿರ್ಗುಣ ಬ್ರಹ್ಮದ ವಿರುದ್ಧ ಈ ವಾದ ನಿಲ್ಲುವುದಿಲ್ಲ. ಮೊರೆ ಕೇಳಿ ಬರುವ ದೇವರ ವಿರುದ್ಧ ಇದು ಉತ್ತರ ಕೇಳುತ್ತದೆ.

ದೇವರನ್ನು ಕಾರಿನ ಬಿಡಿಭಾಗಕ್ಕೆ ಸಮ ಮಾಡುವುದು ಅಗೌರವವಲ್ಲವೇ ಎನ್ನುವವರಿದ್ದಾರೆ. ಇಲ್ಲಿ ಸಮ ಮಾಡಿರುವುದು ದೇವರನ್ನಲ್ಲ, ನಮ್ಮ ವಾದಗಳ ರೂಪವನ್ನು. ನನ್ನ ನಂಬಿಕೆ ನಿಂತಿರುವುದು ಆಗಮದ ಮೇಲೆ, ಕೇಳಿಸಿದ ಕೇಳಿಸದ ಲೆಕ್ಕದ ಮೇಲಲ್ಲ ಎನ್ನುವ ಆಸ್ತಿಕನ ಮಾತನ್ನೂ ಗೌರವಿಸಬೇಕು. ಅವನಿಗೆ ಮೌನದಿಂದ ಬಾಧೆಯಿಲ್ಲ. ಕುಮಾರಿಲನೇ ಇದಕ್ಕೆ ನಿದರ್ಶನ, ವೇದವನ್ನು ಪೂರ್ತಿ ಒಪ್ಪಿ ಜಗತ್ಕರ್ತನಾದ ಈಶ್ವರನನ್ನು ಒಪ್ಪದೆ ಇದ್ದವನು ಅವನು. ಆದರೆ ಹರಕೆ ಫಲಿಸಿದಾಗ ಅದನ್ನು ದೇವರಿರುವುದಕ್ಕೆ ಸಾಕ್ಷಿಯೆಂದು ಎಣಿಸಿ, ಫಲಿಸದಾಗ ದೇವರ ದಾರಿ ನಮಗೆ ತಿಳಿಯದು ಎನ್ನುವವನು ಲೆಕ್ಕದ ಒಂದೇ ಪುಟವನ್ನು ಓದುತ್ತಿದ್ದಾನೆ. ಉತ್ತರ ನಮ್ಮನ್ನು ತಲುಪಬಲ್ಲದು ಎಂದಾದರೆ ಉತ್ತರವಿಲ್ಲದಿರುವುದಕ್ಕೂ ಅರ್ಥವಿದೆ. ತಲುಪಲಾರದು ಎಂದಾದರೆ ತಲುಪಿತೆಂದುಕೊಂಡದ್ದಕ್ಕೂ ಬೆಲೆಯಿಲ್ಲ. ಅಂತೆಯೇ ಮೌನವನ್ನು ದೇವರಿಲ್ಲದ್ದಕ್ಕೆ ಸಾಕ್ಷಿಯಾಗಿ ಒಡ್ಡುವ ನಾಸ್ತಿಕ, ಯಾವ ದೇವರು, ಯಾರಿಗೆ, ಯಾವ ದಾರಿಯಲ್ಲಿ ಮಾತಾಡಬೇಕಿತ್ತು ಎಂದು ಮೊದಲು ಹೇಳಬೇಕು. ಇದನ್ನು ಹೇಳದೆ ಇಬ್ಬರಲ್ಲಿ ಯಾರೂ ಮುಂದೆ ಹೋಗುವಂತಿಲ್ಲ. ದೇವರಿದ್ದಾನೋ ಇಲ್ಲವೋ ಎಂಬುದನ್ನು ಈ ನಿಯಮ ತೀರ್ಮಾನಿಸುವುದಿಲ್ಲ. ಯಾವ ತೀರ್ಮಾನಕ್ಕೆ ಯಾವ ಸಾಕ್ಷಿ ಸಾಲದು ಎಂಬುದನ್ನು ತೀರ್ಮಾನಿಸುತ್ತದೆ. ಗ್ಯಾರೇಜಿನಲ್ಲಾಗಲಿ ಗರ್ಭಗುಡಿಯ ಮುಂದಾಗಲಿ, ‘ಕೇಳಿಸಲಿಲ್ಲ’ ಎಂದು ಯಾರಾದರೂ ಹೇಳಿದರೆ ‘ಇಲ್ಲ’ ಎಂದು ಬರೆದುಕೊಳ್ಳುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿ: ಮಾತಾಡಿದ್ದರೆ ಕೇಳಿಸುತ್ತಿತ್ತು ಎಂಬುದನ್ನು ನೀವು ನೋಡಿಕೊಂಡಿದ್ದೀರಾ?